ಮೇಷ್ಟ್ರ ಕಾರಿಗೆ ಆವಿಸ್ನಾನ

ಕೈಪಿಡಿ ಅನ್ನೋದು ಅವನ ಹೆಸರಲ್ಲ. ಹೆಸರು ಅಂತ ಒಂದಿತ್ತು, ಆದರೆ ಅದು ಸಂಬಳದ ದಿನ ಬಿಟ್ಟರೆ ಬಳಕೆಗೆ ಬರುತ್ತಿರಲಿಲ್ಲ. ಮನೆಯಲ್ಲಿ, ಬೀದಿಯಲ್ಲಿ, ಅವನು ಕೆಲಸ ಮಾಡುವ ನೀರು ಸರಬರಾಜು ಕಚೇರಿಯಲ್ಲಿ, ಎಲ್ಲ ಕಡೆಯೂ ಅವನು ಕೈಪಿಡಿಯೇ. ಏನೇ ಕೊಂಡು ತಂದರೂ ಅದರ ಜೊತೆ ಬರುವ ಪುಸ್ತಕವನ್ನು ರಟ್ಟಿನಿಂದ ರಟ್ಟಿನವರೆಗೆ ಓದದೆ ಆ ವಸ್ತುವನ್ನು ಮುಟ್ಟುವ ಆಸಾಮಿ ಅವನಲ್ಲ. ಕರೆಂಟು ಹೋದಾಗ ಹೊಸ ಟಾರ್ಚು ತಂದು, ಮೇಣದಬತ್ತಿ ಹಚ್ಚಿಕೊಂಡು ಟಾರ್ಚಿನ ಪುಸ್ತಕ ಓದಿದ್ದ. ಓದಿ ಮುಗಿಸಿ ಗುಂಡಿ ಒತ್ತುವಷ್ಟರಲ್ಲಿ ಕರೆಂಟು ವಾಪಸ್ಸು ಬಂದಿತ್ತು. ಮದುವೆಗೆ ಅಂಥ ಪುಸ್ತಕ ಯಾರೂ ಕೊಡಲಿಲ್ಲವಾದ್ದರಿಂದ ನಲವತ್ತು ದಾಟಿದರೂ ಆ ವಸ್ತುವನ್ನೂ ಮುಟ್ಟಿರಲಿಲ್ಲ. ಅವನು, ಅವನಮ್ಮ, ಇಬ್ಬರೇ ಮನೆಯಲ್ಲಿ.

ಕಚೇರಿಯಲ್ಲಿ ಅವನದು ದೂರು ವಿಭಾಗ. ನಲ್ಲಿಯಲ್ಲಿ ನೀರಿಲ್ಲ ಅಂತ ಜನ ಫೋನಿನಲ್ಲಿ ಬೈದರೆ "ಪರಿಶೀಲಿಸ್ತೀವಿ" ಅನ್ನಬೇಕು, ಅಷ್ಟೇ ಕೆಲಸ. ಈ ಒಂದು ಮಾತನ್ನು ಆಡಿ ಆಡಿ ಅವನ ನಾಲಿಗೆ ಹೇಗಾಗಿತ್ತೆಂದರೆ, ಯಾರಿಗೂ ಹೌದು ಅನ್ನೋಕೂ ಬರುತ್ತಿರಲಿಲ್ಲ, ಇಲ್ಲ ಅನ್ನೋಕೂ ಬರುತ್ತಿರಲಿಲ್ಲ. ಮುಂದೆ ಆದ ಅನಾಹುತಕ್ಕೆಲ್ಲ ಇದೇ ಬುಡ ಅಂತ ತಿಳಿದವರು ಹೇಳುತ್ತಾರೆ.

ಇನ್ನು ಕಾರಿನ ವಿಷಯ. ಅವನಪ್ಪ ಡ್ರೈವಿಂಗ್ ಸ್ಕೂಲು ನಡೆಸುತ್ತಿದ್ದರು. ಸ್ಕೂಲು ಅಂದರೆ ಕಟ್ಟಡ, ಬೆಂಚು, ಗಂಟೆ ಅಂತ ಭಾವಿಸಬೇಡಿ. ಒಂದು ಕಾರು, ಅದರ ನೆತ್ತಿಯ ಮೇಲೊಂದು ಬೋರ್ಡು, ಒಳಗೆ ಅವರು. ಊರಿಗೆಲ್ಲ ಅವರು ಮೇಷ್ಟ್ರು. ಬೆಳಗ್ಗೆ ಹಾಲಿನವನು ಬರೋದಕ್ಕೂ ಮುಂಚೆ ಶೆಡ್ಡಿನ ಬಾಗಿಲು ಕಿರುಗುಟ್ಟುತ್ತಿತ್ತು. ಗೇಟಿನಾಚೆ ಒಬ್ಬ ಶಿಷ್ಯನೋ ಶಿಷ್ಯೆಯೋ ಚಳಿಗೋ ಭಯಕ್ಕೋ ನಡುಗುತ್ತ ನಿಂತಿರುತ್ತಿದ್ದರು. ಆಮೇಲೆ ಕಾರು ಬಸುರಿ ಹೆಂಗಸು ನಡೆದ ಹಾಗೆ ಮೆಲ್ಲಗೆ ಬೀದಿಗಿಳಿಯುವುದು. ತೆರೆದ ಕಿಟಕಿಯಿಂದ ಮೇಷ್ಟ್ರ ದನಿ ಕೇಳಿಸುವುದು: "ಕನ್ನಡಿ ನೋಡು. ನಿನ್ನ ಮುಖ ಅಲ್ಲ, ಹಿಂದೆ ಬರೋರ ಮುಖ." ಆ ದನಿಗೆ ಬೀದಿ ಎದ್ದು ಹಲ್ಲುಜ್ಜುತ್ತಿತ್ತು. ರಿವರ್ಸ್ ಸರಿಯಾಗಿ ತೆಗೆದವರಿಗೆ ಜೇಬಿನಿಂದ ಒಂದು ಪೆಪ್ಪರಮಿಂಟು. ಕಂಬಕ್ಕೆ ಗುದ್ದಿದವರಿಗೂ ಒಂದು, ಅದು ಸಮಾಧಾನಕ್ಕೆ. ಅಂಥ ಬೆಳಗುಗಳು ಇನ್ನೆಲ್ಲಿ ಬರಬೇಕು.

ಆ ಬೀದಿಯಲ್ಲಿ ಸ್ಟೀರಿಂಗ್ ಹಿಡಿಯಲು ಬರುವವರೆಲ್ಲ ಆ ಕಾರಿನಲ್ಲೇ ಕಲಿತವರು. ಡ್ರೈವರ್ ಸೀಟಿನ ತಲೆದಿಂಬಿನ ಮೇಲಿನ ಎಣ್ಣೆಗಲೆ ಮೂಲೆ ಅಂಗಡಿಯ ಕ್ಷೌರಿಕನದು. ಬಾಗಿಲ ಹಿಡಿಯ ಮೇಲಿನ ಉಗುರಿನ ಗೀರುಗಳು ನರ್ಸಮ್ಮನವು. ಆಸ್ಪತ್ರೆಯಲ್ಲಿ ಎಂಥೆಂಥ ರಕ್ತ ನೋಡಿಯೂ ಹೆದರದ ನರ್ಸಮ್ಮ ಇಳಿಜಾರು ಕಂಡರೆ ಬಾಗಿಲಿಗೆ ಜೋತುಬೀಳುತ್ತಿದ್ದರು. ಈಗ ಚೌಕದಲ್ಲಿ ನಿಂತು ಊರಿನ ವಾಹನಗಳನ್ನೆಲ್ಲ ಹೆದರಿಸುವ ಟ್ರಾಫಿಕ್ ಪೊಲೀಸಪ್ಪನೂ ಮೊದಲ ದಿನ ಕ್ಲಚ್ಚು ಬಿಟ್ಟ ರಭಸಕ್ಕೆ ಹಣೆಯಿಂದ ಡ್ಯಾಶ್‌ಬೋರ್ಡ್ ಸೀಳಿದ್ದ. ಮೇಷ್ಟ್ರು ಕೂರುತ್ತಿದ್ದುದು ಪಕ್ಕದ ಸೀಟಿನಲ್ಲಿ. ಅಲ್ಲಿ ಮಾತ್ರ ಬೇರೆ ಯಾರ ಗುರುತೂ ಇರಲಿಲ್ಲ.

ಮೇಷ್ಟ್ರು ಹೋಗಿ ವರ್ಷದ ಮೇಲಾಗಿತ್ತು. ಕಾರು ಶೆಡ್ಡಿನಲ್ಲೇ ಇತ್ತು. ಒಂದು ದಿನ ಕೈಪಿಡಿ ಅಮ್ಮನನ್ನು ಅದರಲ್ಲಿ ಕೂರಿಸಿಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋದ. ಹೋಗುವಾಗ ದಾರಿಯುದ್ದಕ್ಕೂ ಅಮ್ಮ ಕೆಮ್ಮಿದರು. ಬರುವಾಗಲೂ ಕೆಮ್ಮಿದರು. ಕಣ್ಣಿನ ಡಾಕ್ಟರೇ ಗಾಬರಿಯಾಗಿ ಎದೆ ನೋಡಿದರಂತೆ. ಸುದ್ದಿ ಅಕ್ಕನಿಗೆ ಮುಟ್ಟಿತು, ಅಕ್ಕನಿಂದ ಭಾವನಿಗೆ. ಭಾವ ಯಾವ ಮಾತನ್ನೂ ಹೊಟ್ಟೆಯಲ್ಲಿಟ್ಟುಕೊಳ್ಳುವ ಪೈಕಿ ಅಲ್ಲ, ಅವತ್ತು ಸಾಯಂಕಾಲವೇ ಫೋನ್ ಮಾಡಿದ.

"ಏನಯ್ಯಾ ಕೈಪಿಡಿ, ಆ ಕಾರಿನ ತುಂಬ ಧೂಳು, ಬೂಷ್ಟು. ಅತ್ತೇನ ಅದರಲ್ಲಿ ಕೂರಿಸ್ತೀಯಲ್ಲ, ನಿನಗೆ ಬುದ್ಧಿ ಇದೆಯಾ?"

"ಪರಿಶೀಲಿಸ್ತೀನಿ ಭಾವ."

"ಪರಿಶೀಲಿಸೋದು ಗಿರಿಶೀಲಿಸೋದು ಏನೂ ಬೇಡ. ಗುಜರಿ ದಲ್ಲಾಳಿಗೆ ಹೇಳಿದ್ದೀನಿ, ಭಾನುವಾರ ಗಿರಾಕಿ ಕಳಿಸ್ತಾನೆ. ನಾವೂ ಬರ್ತೀವಿ. ಕೊಟ್ಟು ಕೈ ತೊಳ್ಕೊಳ್ಳೋಣ."

ಕೈಪಿಡಿಗೆ ಕೊಡಲ್ಲ ಅನ್ನಬೇಕು ಅನ್ನಿಸಿತು, ಬಾಯಿಗೆ ಬರಲಿಲ್ಲ. ಬಂದದ್ದು ಒಂದು ದೊಡ್ಡ ಸುಳ್ಳು. "ಅಯ್ಯೋ ಭಾವ, ನಾನಾಗಲೇ ಆವಿಯಲ್ಲಿ ತೊಳೆಯೋ ಯಂತ್ರ ಗೊತ್ತು ಮಾಡಿದ್ದೀನಿ. ಒಳಗೆಲ್ಲ ಡಿಟೇಲಿಂಗ್ ಮಾಡಿಸ್ತಿದ್ದೀನಿ. ಈಗೆಲ್ಲ ಅದೇ ಅಲ್ವಾ."

ಡಿಟೇಲಿಂಗ್, ಅಂದರೆ ಕಾರಿನ ಸಂದಿಗೊಂದಿ ಬಿಡದೆ ತೊಳೆಯುವುದು, ಅನ್ನೋ ಮಾತನ್ನು ಅವನು ಅವತ್ತು ಬೆಳಗ್ಗೆಯಷ್ಟೇ ಬಸ್ಸಿನ ಹಿಂಬದಿಯ ಜಾಹೀರಾತಿನಲ್ಲಿ ಓದಿದ್ದ. ಫೋನಿನ ಆ ಕಡೆ ಅಕ್ಕ ಕಿತ್ತುಕೊಂಡು ಮಾತಾಡಿದಳು. "ನೋಡೋ, ಅಮ್ಮ ಅದರಲ್ಲಿ ಕೆಮ್ಮದೆ ಕೂತರೆ ಕಾರು ಇರಲಿ. ಕೆಮ್ಮಿದ್ರೆ ಹೋಗಲಿ. ಮತ್ತೆ ಮಾತಿಲ್ಲ."

ಅಲ್ಲಿಗೆ ತೀರ್ಪಾಯಿತು. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಅಂತ ಮರುದಿನ ಕೈಪಿಡಿ ಕಚೇರಿಯಿಂದ ಬೇಗ ಹೊರಟು ಯಂತ್ರ ಹುಡುಕಲು ಹೋದ.

ಮೊದಲು ಹೋದದ್ದು ದೊಡ್ಡ ಅಂಗಡಿ. ಅಲ್ಲಿದ್ದ ಯಂತ್ರಕ್ಕೆ ಸ್ಟೀಲಿನ ಹೊಟ್ಟೆ, ಅಡಿಯಲ್ಲಿ ಗಾಲಿ, ಪಕ್ಕದಲ್ಲಿ ಆನೆ ಸೊಂಡಿಲಿನಂಥ ಕೊಳವೆ. ಅಂಗಡಿಯವನು ಬೆಲೆ ಹೇಳಲು ಬಾಯಿ ತೆಗೆದರೆ ಕೈಪಿಡಿ ತಡೆದು, "ಮೊದಲು ಇದರ ಪುಸ್ತಕ ಕೊಡಿ" ಅಂದ. ಅಲ್ಲೇ ಸ್ಟೂಲಿನ ಮೇಲೆ ಕೂತು ಓದಿದ. ಅಂಗಡಿಯವನು ಊಟ ಮುಗಿಸಿ ಬಂದಾಗಲೂ ಓದುತ್ತಿದ್ದ. ಕೊನೆಗೆ ತಲೆಯೆತ್ತಿ ಕೇಳಿದ.

"ಇದು ಒಣ ಆವಿ ಅಂತಿದೆ. ಅಂದ್ರೆ ನೀರಿನಂಶ ಕಮ್ಮಿ, ಸೀಟು ಬೇಗ ಒಣಗುತ್ತೆ, ಸರಿ. ಹೊಲಿಗೆ ಸಂದಿಗೆ ಹಿತ್ತಾಳೆ ಬ್ರಷ್ಷು ಬೇಡ, ನೈಲಾನ್ ಹಾಕಿ ಅಂತಾರೆ, ಅದೂ ಸರಿ. ಆದರೆ ಚಾವಣಿ ಬಟ್ಟೆಗೆ ತೀರಾ ಹತ್ತಿರ ಹಿಡಿದರೆ ಅಂಟು ಬಿಟ್ಟು ಜೋತುಬೀಳುತ್ತೆ ಅಂತ ಒಂದು ಕಡೆ ಇದೆ. ತೀರಾ ಹತ್ತಿರ ಅಂದ್ರೆ ಎಷ್ಟು ಹತ್ತಿರ?"

ಅಂಗಡಿಯವನು ಎದ್ದು ನಿಂತ. ಅಷ್ಟು ವರ್ಷದ ವ್ಯಾಪಾರದಲ್ಲಿ ಆ ಪುಸ್ತಕ ಓದಿದವರನ್ನು ಅವನು ಕಂಡಿರಲಿಲ್ಲ, ತಾನೂ ಓದಿರಲಿಲ್ಲ. ಇವನು ಯಾವುದೋ ದೊಡ್ಡ ಟ್ಯಾಕ್ಸಿ ಕಂಪನಿಯ ಕಡೆಯವನು, ಕೊಂಡರೆ ಡಜನ್ನುಗಟ್ಟಲೆ ಕೊಳ್ಳುತ್ತಾನೆ ಅಂತ ಅವನ ಲೆಕ್ಕ. "ಸಾರ್, ಕುರ್ಚಿ ಮೇಲೆ ಕೂತ್ಕೊಳ್ಳಿ. ನಾನೇ ಭಾನುವಾರ ಯಂತ್ರ ತಂದು ನಿಮ್ಮ ಕಾರಲ್ಲೇ ತೋರಿಸ್ತೀನಿ. ಒಂದು ಪೈಸೆ ಬೇಡ."

ಇಲ್ಲ ಅನ್ನಲು ಬರಲಿಲ್ಲ. "ಪರಿಶೀಲಿಸ್ತೀನಿ" ಅಂದ. ವ್ಯಾಪಾರಿ ಅದನ್ನು ಹೌದು ಅಂತಲೇ ಬರೆದುಕೊಂಡ.

ಎದುರು ಸಾಲಿನ ಚಿಕ್ಕ ಅಂಗಡಿಯಲ್ಲಿ ಒಬ್ಬ ಹೆಂಗಸು ಇಸ್ತ್ರಿಪೆಟ್ಟಿಗೆಯಷ್ಟು ದೊಡ್ಡ ಕೈಯಂತ್ರ ಮಾರುತ್ತಿದ್ದಳು. "ಆ ಎದುರಿನವರದು ಕಾಯೋ ಹೊತ್ತಿಗೆ ನೀವು ನಮ್ಮದರಲ್ಲಿ ಕಾರು ತೊಳೆದು ನಿದ್ದೆ ಮಾಡಬಹುದು ಸಾರ್" ಅಂದಳು. ಕೈಪಿಡಿ ಅಲ್ಲೂ ಪುಸ್ತಕ ಓದಿದ. ಇದರಲ್ಲಿ ನೀರು ಬೇಗ ಕಾಯುತ್ತದೆ ನಿಜ, ಆದರೆ ಅಷ್ಟೇ ಬೇಗ ಖಾಲಿಯಾಗುತ್ತದೆ, ಆವಿಯೂ ಒದ್ದೆ. ಅದರಲ್ಲಿ ಇದಿಲ್ಲ, ಇದರಲ್ಲಿ ಅದಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನೋ ಹಾಗೆ ತಲೆ ಎರಡಾಯಿತು. ಇವಳೂ ಭಾನುವಾರ ಬರುತ್ತೇನೆ ಅಂದಾಗ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ತೀರ್ಮಾನ ಸುಲಭ ಅಂತ ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಎರಡೂ ಅಂಗಡಿಯಿಂದ ಕೇಳಿ ತಂದ ಪುಸ್ತಕಗಳನ್ನು ಮಾತ್ರ ದಿಂಬಿನ ಕೆಳಗಿಟ್ಟುಕೊಂಡ.

ಭಾನುವಾರ ಬಂತು. ಕೈಪಿಡಿ ಕಾರನ್ನು ಶೆಡ್ಡಿನಿಂದ ಅಂಗಳಕ್ಕೆ ತಂದು, ವೈರು ಎಳೆಯೋಕೆ ಮನೆಯೊಳಗೆ ಹೋದ. ವೈರಿನ ಸುರುಳಿಯ ಮೇಲೂ ಏನೋ ಸೂಚನೆ ಬರೆದಿತ್ತು. ಸರಿ, ಓದುತ್ತ ನಿಂತ. ಅಷ್ಟರಲ್ಲಿ ಅಕ್ಕ ಭಾವ ಬಂದಿಳಿದರು. ಅವರ ಬೆನ್ನಿಗೇ ವ್ಯಾನಿನಲ್ಲಿ ದೊಡ್ಡ ಯಂತ್ರದವನು, ಸ್ಕೂಟರಿನಲ್ಲಿ ಕೈಯಂತ್ರದವಳು. ಯಂತ್ರಗಳು ಇನ್ನೂ ಡಬ್ಬದೊಳಗೇ ಇದ್ದವು. ಇಬ್ಬರೂ ನೆಟ್ಟಗೆ ಕಾರಿನ ಹತ್ತಿರ ಹೋಗಿ, ಬಾಗಿಲು ತೆಗೆದು, ಸೀಟು ಒತ್ತಿ, ಮ್ಯಾಟು ಎತ್ತಿ, ಮೂಸಿ ನೋಡಿದರು. ಭಾವನ ಮುಖ ಅರಳಿತು.

"ದಲ್ಲಾಳಿ ಮಾತಿಗೆ ತಪ್ಪಲಿಲ್ಲ ನೋಡು. ಒಬ್ಬರನ್ನ ಕಳಿಸು ಅಂದ್ರೆ ಇಬ್ಬರನ್ನ ಕಳಿಸಿದ್ದಾನೆ" ಅಂತ ಅಕ್ಕನ ಕಿವಿಯಲ್ಲಿ ಹೇಳಿದ. "ಅದೃಷ್ಟ ಅಂದ್ರೆ ಇದು. ಎಂಜಿನ್ನೇ ನೋಡ್ತಿಲ್ಲ ಕಣೆ, ಬರೀ ಸೀಟು ನೋಡ್ತಿದ್ದಾರೆ. ಅತ್ತೆ ಹೇಗೂ ಕೆಮ್ಮೇ ಕೆಮ್ತಾರೆ, ಬೆಲೆ ಈಗಲೇ ಮಾತಾಡಿ ಇಟ್ಕೊಳ್ಳೋಣ."

ಆಮೇಲೆ ಗಂಟಲು ಸರಿಮಾಡಿಕೊಂಡು ಮುಂದೆ ಬಂದ. "ನಾನು ಈ ಮನೆ ಅಳಿಯ. ಏನಿದ್ರೂ ನನ್ನ ಹತ್ರ ಮಾತಾಡಿ. ಎಷ್ಟಕ್ಕೆ ಮುಗಿಸೋಣ?"

ದೊಡ್ಡ ಯಂತ್ರದವನು ತನ್ನ ಯಂತ್ರದ ಬೆಲೆ ಹೇಳಿದ. ಗುಜರಿ ಕಾರಿಗೆ ಅದು ಮೋಸವೇನಲ್ಲ ಅಂತ ಭಾವನಿಗೆ ಅನ್ನಿಸಿತು. ಆದರೂ ವ್ಯವಹಾರ ಅಂದಮೇಲೆ ಒಂದು ಮಾತು ಎಳೆಯಬೇಕಲ್ಲ.

"ಇನ್ನೊಂದು ಸ್ವಲ್ಪ ಏರಿಸಿ."

ದೊಡ್ಡ ಯಂತ್ರದವನು ಕಣ್ಣು ಪಿಳಿಪಿಳಿ ಬಿಟ್ಟ. "ಏರಿಸೋದಾ ಸಾರ್?"

"ಹೌದ್ರೀ. ಇಷ್ಟಕ್ಕೇ ಒಪ್ಕೊಂಡ್ರೆ ನಮ್ಮ ಮರ್ಯಾದೆ ಏನಾಗ್ಬೇಕು?"

ಇಂಥ ಗಿರಾಕಿಯನ್ನು ಆ ವ್ಯಾಪಾರಿ ಜನ್ಮದಲ್ಲಿ ಕಂಡಿರಲಿಲ್ಲ. ಇದರಲ್ಲಿ ಏನೋ ಮಸಲತ್ತಿದೆ ಅಂತ ಸುಮ್ಮನಾದ. ಆ ಸಂದಿನಲ್ಲಿ ಕೈಯಂತ್ರದವಳು ನುಗ್ಗಿದಳು. "ಅವರು ಹೇಳಿದ್ದರಲ್ಲಿ ಅರ್ಧ ಸಾಕು ಸಾರ್, ನಾನು ಮುಗಿಸ್ತೀನಿ."

"ಅವರು ಅಷ್ಟು ಅಂದಮೇಲೆ ನೀವು ಅರ್ಧ ಅಂತೀರಲ್ಲಮ್ಮಾ?"

"ಹೂಂ ಸಾರ್. ಇಡೀ ಮಾರ್ಕೆಟ್ಟಲ್ಲಿ ಇಷ್ಟು ಕಮ್ಮಿ ಯಾರೂ ಹೇಳಲ್ಲ" ಅಂತ ಅವಳು ಹೆಮ್ಮೆಯಿಂದ ಹೇಳಿದಳು.

ದೊಡ್ಡ ಯಂತ್ರದವನಿಗೆ ರೋಷ ಬಂತು. "ಹಾಗಾದ್ರೆ ನಾನೂ ಇಳಿಸ್ತೀನಿ" ಅಂದ. ಅವಳು ಇನ್ನೂ ಇಳಿಸಿದಳು. ಅವನು ಅದಕ್ಕಿಂತ ಇಳಿಸಿದ. ಭಾವನ ಬೆವರೂ ಇಳಿಯತೊಡಗಿತು.

"ಇದ್ಯಾವ ಸೀಮೆ ಹರಾಜು ಕಣೆ, ಮಾತಾಡಿದಷ್ಟೂ ಪಾತಾಳಕ್ಕೆ ಹೋಗ್ತಿದೆ" ಅಂತ ಹೆಂಡತಿಗೆ ಹೇಳಿದ.

"ಬೇಗ ಒಪ್ಕೊಳ್ಳಿ" ಅಂದಳು ಅಕ್ಕ. "ಇನ್ನೂ ನಿಂತ್ರೆ ನಾವೇ ಕೈಯಿಂದ ಕೊಟ್ಟು ಕಳಿಸಬೇಕಾಗುತ್ತೆ."

ಇಷ್ಟೂ ಮಾತು ಕಾಂಪೌಂಡಿನಾಚೆ ಕ್ಷೌರಿಕನ ಕಿವಿಗೆ ಬಿತ್ತು. ಕ್ಷೌರಿಕನ ಕಿವಿಗೆ ಬಿದ್ದದ್ದು ಡಂಗುರ ಹೊಡೆಸಿದ ಹಾಗೆ. ಅರ್ಧ ಬೋಳಿಸಿದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಓಡಿ ಬಂದವನು, ಯಾರ ಮುಖವನ್ನೂ ನೋಡದೆ ಕಾರಿನ ಡ್ರೈವರ್ ಸೀಟಿನಲ್ಲಿ ಕೂತು ಸ್ಟೀರಿಂಗ್ ತಬ್ಬಿಕೊಂಡ.

"ಮೇಷ್ಟ್ರ ಕಾರು ಗುಜರಿಗಾ? ನನ್ನನ್ನ ಸೇರಿಸಿ ಮಾರಿ ನೋಡೋಣ."

ನರ್ಸಮ್ಮ ಬಂದರು. ಹಿಂದಿನ ಬಾಗಿಲು ತೆಗೆದು ಹತ್ತಿ ಹಳೇ ಅಭ್ಯಾಸದಂತೆ ಬಾಗಿಲ ಹಿಡಿಗೆ ಜೋತುಬಿದ್ದರು. "ಇಪ್ಪತ್ತು ಸಲ ನಡುರಸ್ತೆಯಲ್ಲಿ ಎಂಜಿನ್ ಆಫ್ ಮಾಡಿದ್ದೀನಿ ಇದರಲ್ಲಿ. ಒಂದು ಸಲ ಗದರಲಿಲ್ಲ ಆ ಮನುಷ್ಯ. ನಾನು ಇಳಿಯಲ್ಲ."

ಟ್ರಾಫಿಕ್ ಪೊಲೀಸಪ್ಪನಿಗೆ ಅವತ್ತು ರಜೆ. ಬನಿಯನ್ನಿನ ಮೇಲೆ ಟೋಪಿ ಮಾತ್ರ ಹಾಕಿಕೊಂಡು ಬಂದು ಕಾರಿನ ಮುಂದೆ ಕೈ ಚಾಚಿ ನಿಂತ. "ಈ ವಾಹನ ಯಾರೂ ಅಲುಗಾಡಿಸೋ ಹಾಗಿಲ್ಲ. ಇಲ್ಲಿ ಸಂಚಾರ ನಿಷೇಧ." ಹೇಳಿ, ಬಿಸಿಲು ಜಾಸ್ತಿ ಅಂತ ಅವನೂ ಹಿಂದಿನ ಸೀಟಿಗೆ ಹತ್ತಿದ. ಮೂರು ಜನ ತುಂಬಿಕೊಂಡರೂ ಮುಂದೆ ಪಕ್ಕದ ಸೀಟು ಖಾಲಿ ಉಳಿಯಿತು. ಅಲ್ಲಿ ಕೂರುವ ಧೈರ್ಯ ಪೊಲೀಸಿಗೂ ಇರಲಿಲ್ಲ.

ಕೈಪಿಡಿ ವೈರಿನ ಸೂಚನೆ ಓದಿ ಮುಗಿಸಿ ಹೊರಗೆ ಬಂದಾಗ ಕಂಡದ್ದು ಈ ದೃಶ್ಯ. ಭಾವ ಅವನ ಮೇಲೆ ಹಾರಿಬಿದ್ದ. "ಗಿರಾಕಿಗಳನ್ನ ಓಡಿಸೋಕೆ ಬೀದಿ ಎತ್ತಿಕಟ್ಟಿದ್ದೀಯಾ? ಹೇಳು, ಕಾರು ಕೊಡ್ತೀಯೋ ಇಲ್ವೋ?"

ದೊಡ್ಡ ಯಂತ್ರದವನು ತಡೆಯಲಾರದೆ ಕೇಳಿದ. "ಅಲ್ಲ ಸಾರ್, ಕಾರು ಯಾರಿಗೆ ಬೇಕು? ನಾನು ಯಂತ್ರ ಮಾರೋಕೆ ಬಂದವನು. ನನ್ನ ವ್ಯಾನಿನ ಸಾಲವೇ ತೀರಿಲ್ಲ."

ಭಾವ ಅವನ ಮುಖ ನೋಡಿದ, ಅವಳ ಮುಖ ನೋಡಿದ, ಸ್ಕೂಟರಿನ ಮೇಲಿದ್ದ ಡಬ್ಬ ನೋಡಿದ. ತಾನು ಇಷ್ಟು ಹೊತ್ತು ಒಬ್ಬ ವ್ಯಾಪಾರಿಗೆ ಬೆಲೆ ಏರಿಸಲು ದುಂಬಾಲು ಬಿದ್ದಿದ್ದೆ ಅನ್ನೋದು ಅವನ ತಲೆಗೆ ಇಳಿಯಲು ಒಂದು ಗಳಿಗೆ ಹಿಡಿಯಿತು. ಇಳಿದ ಮೇಲೆ ಕಾಂಪೌಂಡಿನ ಮೇಲೆ ಕೂತುಬಿಟ್ಟ. ದಲ್ಲಾಳಿಯ ಗಿರಾಕಿ ಅವತ್ತು ಆ ಕಡೆ ತಲೆಯನ್ನೇ ಹಾಕಲಿಲ್ಲ. ಕಾರಿನೊಳಗಿಂದ ಮೂರೂ ಜನ ನಕ್ಕರು, ಆದರೆ ಇಳಿಯಲಿಲ್ಲ. ಅಳಿಯಂದಿರ ಮಾತು ನಂಬೋಕಾಗಲ್ಲ ಅಂತ ನರ್ಸಮ್ಮನ ಅಭಿಪ್ರಾಯ.

"ಸರಿ, ಯಂತ್ರ ಅಂದಮೇಲೆ ನಡೆಸಿ" ಅಂದಳು ಅಕ್ಕ. "ಅಮ್ಮನ್ನ ಕೂರಿಸಿ ನೋಡೇಬಿಡೋಣ. ನನ್ನ ಮಾತಲ್ಲಿ ಬದಲಿಲ್ಲ."

ಕೈಯಂತ್ರಕ್ಕೆ ಮೊದಲ ಸರದಿ. ಗುಂಡಿ ಒತ್ತಿದರೆ ಅದು ಎರಡು ಸಲ ಸೀನಿ ಭಾವನ ಪ್ಯಾಂಟಿನ ಮೇಲೆ ನೀರು ಉಗಿದು ಸುಮ್ಮನಾಯಿತು. ಮೊದಲ ಸಲ ಹಾಗೇ ಆಗುತ್ತೆ ಅಂತ ಅವಳು ಹೇಳುವಷ್ಟರಲ್ಲಿ ಭಾವ ಪ್ಯಾಂಟು ಕೊಡವುತ್ತ ಶೆಡ್ಡಿಗೆ ಹೋದ. ಪುಸ್ತಕದಲ್ಲೂ ಇದು ಬರೆದಿದೆ ಅಂತ ಕೈಪಿಡಿ ಹೇಳಿದ, ಯಾರೂ ಕೇಳಲಿಲ್ಲ.

ದೊಡ್ಡ ಯಂತ್ರ ಕಾದು ಕಾದು ಕೊನೆಗೊಮ್ಮೆ ಸುಂಯ್ ಅಂದಿತು. ಕೈಪಿಡಿ ಕ್ಷೌರಿಕನನ್ನು ಹಿಂದಿನ ಸೀಟಿಗೆ ದಾಟಿಸಿ, ತಾನು ಡ್ರೈವರ್ ಸೀಟಿನಲ್ಲಿ ಕೂತು ಕೊಳವೆ ಹಿಡಿದ. ಪಕ್ಕದಲ್ಲಿ ಅಪ್ಪನ ಸೀಟು. ಬೆನ್ನು ತಾಗುತ್ತಿದ್ದ ಕಡೆ ಬಟ್ಟೆ ಸವೆದು ನುಣುಪಾಗಿತ್ತು, ತಲೆ ಒರಗುತ್ತಿದ್ದ ಕಡೆ ಕಪ್ಪಾಗಿತ್ತು. ಎರಡೂ ಪುಸ್ತಕ ಬಾಯಿಪಾಠ ಬರುತ್ತಿದ್ದರೂ ಅವನ ಕೈ ಏಳಲಿಲ್ಲ. ಇದನ್ನು ತೊಳೆದರೆ ಆ ಗುರುತು ಹೋಗುತ್ತೆ. ತೊಳೆಯದಿದ್ದರೆ ಕಾರೇ ಹೋಗುತ್ತೆ. ಯಾವ ಪುಟದಲ್ಲೂ ಇದಕ್ಕೆ ಉತ್ತರ ಇರಲಿಲ್ಲ. ಅವನಿಗೆ ನಿಜವಾಗಲೂ ಅಳು ಬಂತು.

"ಏನ್ ಪರಿಶೀಲಿಸ್ತಿದ್ದೀಯ, ಬಿಡೋ" ಅಂದಳು ಅಕ್ಕ ಹೊರಗಿನಿಂದ. ಅವನು ಕಣ್ಣು ಮುಚ್ಚಿ ಬಿಟ್ಟ.

ಬಿಸಿ ಆವಿ ಸೀಟಿನೊಳಗೆ ಹೊಕ್ಕು, ಸ್ಪಂಜಿನ ತಳ ಮುಟ್ಟಿ ಮೇಲೆದ್ದಿತು. ಬರಿಗೈಯಲ್ಲಿ ಬರಲಿಲ್ಲ. ಅಷ್ಟು ವರ್ಷ ಆ ಸೀಟು ಕುಡಿದಿಟ್ಟುಕೊಂಡಿದ್ದ ವಾಸನೆಯನ್ನೆಲ್ಲ ಹೊತ್ತು ತಂದಿತು. ಪೆಪ್ಪರಮಿಂಟು, ತಲೆಯೆಣ್ಣೆ, ಒಂದಿಷ್ಟು ನಶ್ಯ, ಇಸ್ತ್ರಿ ಮಾಡಿದ ಶರ್ಟಿನ ಬೆವರು. ಎಲ್ಲ ಸೇರಿ ಮೇಷ್ಟ್ರೇ ಬಾಗಿಲು ತೆಗೆದು ಒಳಗೆ ಬಂದು ಕೂತ ಹಾಗಾಯಿತು.

ಹಿಂದಿನ ಸೀಟಿನಲ್ಲಿ ಮೂರೂ ಜನ ಏಕಕಾಲಕ್ಕೆ ಬೆನ್ನು ನೆಟ್ಟಗೆ ಮಾಡಿಕೊಂಡರು. ಪೊಲೀಸಪ್ಪ ತಲೆಯ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಕ್ಷೌರಿಕ ಎಡಗಾಲಲ್ಲಿ ಇಲ್ಲದ ಕ್ಲಚ್ಚು ಒತ್ತಿದ. "ಕನ್ನಡಿ ನೋಡ್ತಿದ್ದೀನಿ ಮೇಷ್ಟ್ರೇ" ಅಂದರು ನರ್ಸಮ್ಮ. ಅಂದದ್ದು ತಮಗೇ ಕೇಳಿಸಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಗದ್ದಲಕ್ಕೆ ಹೊರಬರದ ಅಮ್ಮ ಈ ನಿಶ್ಶಬ್ದಕ್ಕೆ ಹೊರಬಂದರು. ಅಕ್ಕ ಕೈಹಿಡಿದು ಕರೆತಂದು ಹಿಂದಿನ ಬಾಗಿಲ ಕಡೆ ತಿರುಗಿಸಿದಳು. ಅಮ್ಮ ಕೈ ಬಿಡಿಸಿಕೊಂಡು ಮುಂದಿನ ಬಾಗಿಲು ತೆಗೆದರು.

"ಅಮ್ಮ, ಒದ್ದೆ ಇದೆ" ಅಂದ ಕೈಪಿಡಿ.

"ಇರಲಿ" ಅಂತ ಅಮ್ಮ ಆ ಸೀಟಿನಲ್ಲಿ ಕೂತರು.

ಎಲ್ಲರೂ ಕೆಮ್ಮಿಗೆ ಕಾದರು. ಅಕ್ಕ ಕಾದಳು, ಶೆಡ್ಡಿನ ಬಾಗಿಲಿಂದ ಭಾವ ಕಾದ. ವಿಷಯ ಏನಂತ ಗೊತ್ತಿಲ್ಲದ ವ್ಯಾಪಾರಿಗಳೂ ಉಸಿರು ಹಿಡಿದು ನಿಂತರು. ಅಮ್ಮ ಒಂದು ಸಲ ದೀರ್ಘವಾಗಿ ಉಸಿರು ಎಳೆದುಕೊಂಡರು. ಇನ್ನೊಂದು ಸಲ ಎಳೆದುಕೊಂಡರು. ಕೆಮ್ಮು ಬರಲಿಲ್ಲ. ಕಣ್ಣಿಂದ ನೀರು ಮಾತ್ರ ಧಾರೆಯಾಗಿ ಇಳಿಯಿತು, ಅಮ್ಮ ಅದನ್ನು ಒರೆಸಿಕೊಳ್ಳಲೂ ಇಲ್ಲ.

"ಕೆಮ್ಮು ಇಲ್ವಲ್ಲಮ್ಮ" ಅಂದಳು ಅಕ್ಕ ಮೆಲ್ಲಗೆ. "ಅಂದ್ರೆ ಧೂಳು ಹೋಯ್ತು."

"ಧೂಳಿಗೆ ಯಾವತ್ತು ಕೆಮ್ಮಿದ್ದೆ ನಾನು?" ಅಂದರು ಅಮ್ಮ. "ಅವತ್ತು ಇದರಲ್ಲಿ ಕೂತ ತಕ್ಷಣ ಇವರ ವಾಸನೆ ಬಂತು. ಗಂಟಲು ಕಟ್ತು. ಅತ್ತಿದ್ರೆ ಇವನು ಗಾಬರಿಯಾಗಿ ಕಾರು ನಿಲ್ಲಿಸ್ತಿದ್ದ, ನಿನಗೆ ಫೋನ್ ಮಾಡ್ತಿದ್ದ, ನೀವೆಲ್ಲ ಓಡಿ ಬರ್ತಿದ್ರಿ. ಕೆಮ್ಮಿದ್ರೆ ಒಂದು ಲೋಟ ನೀರು ಕೊಟ್ಟು ಸುಮ್ನಾಗ್ತೀರಲ್ಲ, ಅದಕ್ಕೆ ಕೆಮ್ಮಿದೆ."

ಅಕ್ಕ ಹಿಂದಿನ ಬಾಗಿಲು ತೆಗೆದು ನರ್ಸಮ್ಮನ ಪಕ್ಕ ತೂರಿಕೊಂಡಳು. ಅವಳ ಹಿಂದೆಯೇ ಭಾವ ಒದ್ದೆ ಪ್ಯಾಂಟಿನಲ್ಲೇ ಬಂದು ನಿಂತ. ಅವನೂ ಇದೇ ಕಾರಿನಲ್ಲಿ ಕಲಿತವನು. ಪಾಠಕ್ಕೆ ಬಂದವನು ಮೇಷ್ಟ್ರ ಮಗಳನ್ನು ಕನ್ನಡಿಯಲ್ಲಿ ನೋಡಿ ನೋಡಿಯೇ ಈ ಮನೆ ಅಳಿಯನಾದದ್ದು. ಅಷ್ಟು ಹೊತ್ತೂ ಅದನ್ನು ಮರೆತಿದ್ದ ಅವನಿಗೆ ಬಾಗಿಲ ಸಂದಿಯಿಂದ ಬಂದ ಗಾಳಿಯಲ್ಲಿ ನೆನಪಾಯಿತು.

"ಒಂಚೂರು ಸರೀರಿ" ಅಂದ ಪೊಲೀಸಪ್ಪನಿಗೆ. ಜಾಗವಿರಲಿಲ್ಲ. ಹೇಗೋ ಹೊಂದಿಕೊಂಡರು.

"ಉಳಿದ ಸೀಟೂ ಮುಗಿಸೋಣವಾ ಸಾರ್?" ಅಂತ ಹೊರಗಿನಿಂದ ದೊಡ್ಡ ಯಂತ್ರದವನು ಕೇಳಿದ. "ಎರಡು ಸಲ ಹೊಡೆದ್ರೆ ವಾಸನೆ ಪೂರ್ತಿ ಹೋಗುತ್ತೆ, ಗ್ಯಾರಂಟಿ."

"ಬೇಡ" ಅಂದ ಕೈಪಿಡಿ.

ಇಷ್ಟು ಸಲೀಸಾಗಿ ಆ ಮಾತು ಅವನ ಬಾಯಿಂದ ಬಂದದ್ದಕ್ಕೆ ಅಕ್ಕ ಹಿಂದಿನಿಂದ ಬಗ್ಗಿ ಅವನ ಮುಖ ನೋಡಿದಳು. ಅವನು ಕೊಳವೆಯನ್ನು ಕಿಟಕಿಯಿಂದ ಹೊರಗೆ ಕೊಟ್ಟು ಸ್ಟೀರಿಂಗಿನ ಮೇಲೆ ಕೈಯಿಟ್ಟು ಕೂತ. ಅಂಗಳದಲ್ಲಿ ಗಾಳಿ ಎದ್ದಿತು. ತೆರೆದ ಕಿಟಕಿಗಳಿಂದ ಆವಿ ಎಳೆಎಳೆಯಾಗಿ ಹೊರಗೆ ಹೋಗುತ್ತಿತ್ತು.

ಅಮ್ಮ ಅದನ್ನೇ ನೋಡುತ್ತಿದ್ದರು. ಆಮೇಲೆ ಮಗನ ತೋಳು ಮುಟ್ಟಿ, "ಕಿಟಕಿ ಏರಿಸಪ್ಪ, ಹೋಗಿಬಿಡುತ್ತೆ" ಅಂದರು.

ಕೈಪಿಡಿ ಏರಿಸಿದ. ಹಿಂದಿನವರೂ ತಂತಮ್ಮ ಕಿಟಕಿ ಏರಿಸಿದರು. ಆ ಸೆಕೆಯಲ್ಲಿ, ಆ ಇಕ್ಕಟ್ಟಿನಲ್ಲಿ, ಬಹಳ ಹೊತ್ತು ಯಾರೂ ಕೆಳಗಿಳಿಯಲಿಲ್ಲ.